ರಕ್ತ ಕುಡಿಯೋ ಹುಡುಗನೂ ನಮ್ಮ ದೊಡ್ಡವ್ವನೂ

ನಮ್ಮ ದೊಡ್ಡವ್ವ ತನ್ನ ನೆರಳನ್ನೂ ನಂಬಂಗಿಲ್ಲ ಅಂತ ಓಣಿ ಮಂದಿ ಆಡಕೋತಾರ. ಇದು ಶುದ್ಧ ಸುಳ್ಳು! ನೆರಳನ್ನ ಆಕಿ ನಂಬ್ತಾಳ. ನೆರಳಿದ್ದವರನ್ನೂ ಒಂದೀಟು ನಂಬ್ತಾಳ. ಯಾರ ನೆರಳು ನೆಲಕ್ಕ ಬೀಳಂಗಿಲ್ಲೋ, ಯಾರ ಮಾರಿ ಕನ್ನಡ್ಯಾಗ ಕಾಣಂಗಿಲ್ಲೋ, ಅಂಥವರ ಮ್ಯಾಲ ಅಷ್ಟ ಆಕಿ ಕಣ್ಣು. ಅಂಥವರು ವಿಜಯಪುರದಾಗ ಎಷ್ಟು ಮಂದಿ ಅದಾರಂತ ಕೇಳ್ತೀರೇನು? ಹದಿನಾರು ವರ್ಷದಿಂದ ಹುಡುಕಾಕತ್ಯಾಳ, ಇನ್ನೂ ಒಬ್ಬರೂ ಸಿಕ್ಕಿಲ್ಲ. "ಸಿಕ್ಕಿಲ್ಲಂದ್ರ ಇಲ್ಲಂತೇನು? ಭಾಳ ಶಾಣ್ಯಾರು ಅದಾರ ಅಂತ ಅರ್ಥ" ಅಂತಾಳ. ಇಂಥಾಕಿ ಜೋಡಿ ಯಾರು ವಾದಾ ಮಾಡ್ತಾರ ಹೇಳ್ರಿ.

ದೊಡ್ಡವ್ವ ಅಂದ್ರ ನಮ್ಮವ್ವನ ಅಕ್ಕ. ಗೋಳಗುಮ್ಮಟದ ಎದುರಿನ ಓಣ್ಯಾಗ ಆಕೀದೊಂದು ಸಣ್ಣ ಅಂಗಡಿ ಐತಿ. ನೀರಿನ ಬಾಟ್ಲಿ, ಬಿಸ್ಕೀಟು, ಬಿಸಲಿನ ಟೊಪ್ಪಿಗಿ, ಕರೀ ಚಸ್ಮಾ. ಅಂಗಡಿ ಹಿಂದನ ಮನಿ. ದೊಡ್ಡಪ್ಪ ತೀರಿಕೊಂಡ ಮ್ಯಾಲ ಅಂಗಡಿ ಆಕೀನ ನಡಸ್ತಾಳ. ಮಕ್ಕಳಿಲ್ಲ. ಹದಿನಾರು ವರ್ಷದಾಕಿ ಇದ್ದಾಗ ನಾ ಕಳ್ಳಕವಟಗಿಯಿಂದ ಕಾಲೇಜ್ ಕಲಿಯಾಕಂತ ಆಕಿ ಮನಿಗೆ ಬಂದಾಕಿ, ಇವತ್ತಿನತನಕ ಅಲ್ಲೇ ಅದೀನಿ.

ಅಂಗಡ್ಯಾಗ ಟೊಪ್ಪಿಗಿ ಹಾಕ್ಕೊಂಡು ನೋಡಾಕ ಒಂದು ದೊಡ್ಡ ಕನ್ನಡಿ ಐತಿ. ಬ್ಯಾರೆ ಅಂಗಡ್ಯಾಗ ಕನ್ನಡಿ ಗಿರಾಕಿಗೆ ಇರ್ತೈತಿ. ನಮ್ಮ ಅಂಗಡ್ಯಾಗ ಅದು ದೊಡ್ಡವ್ವಗ! ಗಿರಾಕಿ ಟೊಪ್ಪಿಗಿ ಹಾಕ್ಕೊಂಡು ಆ ಕಡೆ ಈ ಕಡೆ ಹೊಳ್ಳಿ ನೋಡೂಮುಂದ, ಅವರ ಭುಜದ ಹಿಂದಿಂದ ಕುತ್ತಿಗಿ ಚಾಚಿ ಆಕಿನೂ ಕನ್ನಡ್ಯಾಗ ಇಣಕ್ತಾಳ. ಮಾರಿ ಕಂಡ್ರ "ಹ್ಞೂಂ, ಕಾಣ್ತೀರಿ" ಅಂತಾಳ. ಪಾಪ, ಮುಂಬೈ ಕಡೆಯಿಂದ ಬಂದವರು, ಹೈದರಾಬಾದಿನವರು, ಚಂದ ಕಾಣ್ತೀರಿ ಅಂತ ಹೊಗಳಿದ್ಲು ಅಂತ ತಿಳಕೊಂಡು ಇನ್ನೊಂದು ಟೊಪ್ಪಿಗಿ ತಗೋತಾರ. ಊರಾಗಿನ ಮಂದಿ ಮಾತ್ರ ನಮ್ಮಲ್ಲಿ ಟೊಪ್ಪಿಗಿ ತಗೊಳ್ಳಂಗಿಲ್ಲ. ನಮ್ಮೂರ ಬಿಸಲು ನಮಗೇನು ಹೊಸದ?

ಈ ಕನ್ನಡಿ ಹುಚ್ಚು ಹತ್ತಿಸಿದ್ದು ಯಾರು ಅಂತೀರಿ? ನಾನ! ನಾ ಮತ್ತ ಒಂದು ಇಂಗ್ಲಿಷ್ ಪುಸ್ತಕ.

ಆವಾಗ ನಾ ಪಿಯುಸಿ ಮೊದಲನೇ ವರ್ಷ. ಬಸ್ ಸ್ಟ್ಯಾಂಡಿನ ಹಂತ್ಯಾಕ ಹಳೇ ಪುಸ್ತಕ ಮಾರೋ ಒಬ್ಬಾತನ ಹಂತ್ಯಾಕ ಅದು ಸಿಕ್ತು. ಕರೀ ರಟ್ಟು, ರಟ್ಟಿನ ಮ್ಯಾಲ ಅರ್ಧ ತೆರೆದ ಒಂದು ಬಾಗಲ. ಒಳಗ ಒಬ್ಬ ರಕ್ತ ಕುಡಿಯೋ ಹುಡುಗ! ವ್ಯಾಂಪೈರು. ಯಾವುದೋ ಬರ್ಫ್ ಬೀಳೋ ಊರು, ಅಲ್ಲಿ ದೋಣಿ ರಿಪೇರಿ ಮಾಡಾವನ ಮಗಳು ಒಬ್ಬಾಕಿ, ಆಕಿ ಮ್ಯಾಲ ಇವನ ಪ್ರೀತಿ. ಅವನ ಹೆಸರು ಇಲ್ಲಿ ಹೇಳಂಗಿಲ್ಲ. ವಯಸ್ಸು ಮೂವತ್ತೆರಡು ಆದ್ರೂ ಆ ಹೆಸರು ಬಾಯಾಗ ಬಂದ್ರ ನನಗ ಕಿವಿ ಬೆಚ್ಚಗ ಆಕ್ಕಾವ. ಅಷ್ಟು ಹುಚ್ಚಿತ್ತು ನನಗ! ಪುಸ್ತಕದ ಅಂಚಿಗೆಲ್ಲಾ ಕೆಂಪು ಪೆನ್ನಿಲೆ ಹೃದಯ ತಗದಿದ್ದೆ. ನಮ್ಮ ಕ್ಲಾಸಿನ ಒಬ್ಬ ಗೆಳತಿಗೂ ಅದ ಹುಚ್ಚು. ಕೂತಲ್ಲಿ ನಿಂತಲ್ಲಿ ನಮ್ಮಿಬ್ಬರದು ಅದ ಮಾತು.

ಒಮ್ಮೆ ಜೈನಾಪುರದಿಂದ ನಮ್ಮ ಮಾಮಾ, ಅಂದ್ರ ನಮ್ಮವ್ವನ ತಮ್ಮ, ಮಕ್ಕಳನ್ನ ಕರಕೊಂಡು ಗುಮ್ಮಟ ನೋಡಾಕ ಬಂದ. ನಾನೂ ಗೆಳತೀನೂ ಹೊಂಟಿವಿ. ಗುಮ್ಮಟದ ಎದುರಿಗೇ ಮನಿ ಇದ್ರೂ ದೊಡ್ಡವ್ವ ಅಲ್ಲೀತನಕ ಒಮ್ಮೆನೂ ಮ್ಯಾಲ ಹತ್ತಿದ್ದಿಲ್ಲ. "ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೇಳಸ್ತೈತಂದ್ರ, ಅಂಥಾ ಜಾಗಾದಾಗ ತಲಿ ಇದ್ದವರು ಯಾರಾದ್ರೂ ಬಾಯಿ ತಗೀತಾರೇನು?" ಅಂತಿದ್ಲು. ಅವತ್ತು ಮಾಮಾನ ಮಕ್ಕಳು ಕೈ ಜಗ್ಗಿದ್ರು ಅಂತ ಬಂದ್ಲು. ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಲ ಹತ್ತಿದ್ಲು. ಮ್ಯಾಲ ಗ್ಯಾಲರ್‍ಯಾಗ ಮಂದಿ ಎಲ್ಲಾ ಕೂಗಾಕತ್ತಿದ್ರ ಈಕಿ ಒಂದು ಕಡೆ ಗ್ವಾಡಿಗೆ ಕಿವಿ ಹಚ್ಚಿ ಮುಗುಮ್ಮಾಗಿ ಕುಂತಿದ್ಲು.

ನನಗೇನು ಗೊತ್ತು! ಎದುರು ದಿಕ್ಕಿನ್ಯಾಗ ಕೂತು ನಾ ಗೆಳತಿ ಕಿವ್ಯಾಗ ಅಂದೆ, "ಅಂವ ಇಲ್ಲಂದ್ರ ನಾ ಬದಕಂಗಿಲ್ಲ ಲೇ. ಅಂವ ಬಾ ಅಂದ್ರ ಕಾಲೇಜು, ಮನಿ, ಎಲ್ಲಾ ಬಿಟ್ಟು ಹೊಂಟ ಬಿಡ್ತೀನಿ!"

ಐನೂರು ವರ್ಷದ ಹಿಂದ ಗುಮ್ಮಟ ಕಟ್ಟಿದವರು ಇದಕ್ಕಂತನ ಕಟ್ಟಿದ್ರೋ ಏನೋ, ಒಂದಕ್ಷರ ಬಿಡಲಾರದಂಗ ಎಲ್ಲಾ ದೊಡ್ಡವ್ವನ ಕಿವಿಗೆ ಹೋಗಿ ಮುಟ್ತು. ಅಷ್ಟು ವರ್ಷ ಆಗಿಲ್ಲ ಅಂತ ಗೈಡ್ ಮಂದಿ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ನನಗ ಅವತ್ತು ಹಂಗ ಅನಿಸ್ತು.

ಮನಿಗೆ ಬಂದು ರೊಟ್ಟಿ ಬಡಿಯಾಕ ಕುಂತ್ಲು. ಆ ರೊಟ್ಟಿಗೆ ಬಿದ್ದ ಏಟು ನೋಡೀನ ನನಗ ಅಂಜಿಕಿ ಆತು.

"ಯಾವ ಊರಾಂವ?" ಅಂದ್ಲು.

"ಯಾರು ದೊಡ್ಡವ್ವ?"

"ಅಂವಾ! ನೀ ಯಾರಿಲ್ಲಂದ್ರ ಬದಕಂಗಿಲ್ಲೋ ಅಂವ!"

ಪುಸ್ತಕದಾಗಿನ ಹುಡುಗ ಅಂತ ಹೇಳೂದ್ರಾಗ ನನಗ ಸಾಕಾಗಿ ಹೋತು. ಆಕಿ ನಂಬಲಿಲ್ಲ. ಕಡೀಕ ಪುಸ್ತಕ ತಂದು ಮುಂದಿಟ್ಟೆ. ಅದರ ಕರೀ ರಟ್ಟು ನೋಡಿದಾಕೀನ "ಭಾನಾಮತಿ!" ಅಂದು ಎರಡು ಹೆಜ್ಜಿ ಹಿಂದ ಸರದ್ಲು. ಆಮ್ಯಾಲ ಹಳೇ ಕ್ಯಾಲೆಂಡರಿನ ಹಾಳಿ, ಅದೂ ದೇವರ ಚಿತ್ರ ಇದ್ದದ್ದು, ತಂದು ರಟ್ಟು ಮುಚ್ಚಿ ಹಾಳಿ ಹಾಕಿದ್ಲು. ಹಾಕಿ ಅಂದ್ಲು, "ಓದು. ಕನ್ನಡದಾಗ ಹೇಳಕೋತ ಓದು. ನಾನೂ ನೋಡ್ತೀನಿ ಇಂವ ಎಂಥಾವ ಅಂತ."

ಹಿಂಗ ಸುರು ಆತು ನೋಡ್ರಿ ನಮ್ಮನಿ ಪುರಾಣ. ದಿನಾ ಸಂಜಿಗೆ ಆಕಿ ಮೊರದಾಗ ಜ್ವಾಳಾ ಹಸನ ಮಾಡೂದು, ನಾ ಓದೂದು. ಹುಡುಗ ಹುಡುಗಿ ಮುದ್ದು ಕೊಡೋ ಜಾಗಾ ಬಂದ್ರ ನಾ ಏನು ಮಾಡಬೇಕು? "ಇಬ್ಬರೂ ನಮಸ್ಕಾರ ಮಾಡಿದ್ರು" ಅಂತಿದ್ದೆ. ಎರಡು ದಿನಾ ನಡೀತು. ಮೂರನೇ ದಿನ ಮೊರ ನಿಂತಿತು.

"ಅಲ್ಲ ಬೇ, ನಾಕು ಪಾನ ತಿರುವಿ ತಿರುವಿ ಓದ್ತಿ, ನಮಸ್ಕಾರ ಮಾಡಿದ್ರು ಅಂತಿ. ಇಷ್ಟೊತ್ತು ನಮಸ್ಕಾರ ಮಾಡಾಕ ಆಕಿ ಏನು ಊರ ದ್ಯಾವ್ರೇನು?"

ಆ ಹುಡುಗನ ಮ್ಯಾಲ ಆಕಿಗೆ ಮೊದಲನೇ ದಿನದಿಂದ ಸಂಶಯ. ಕೇಳೋ ಪ್ರಶ್ನೆ ಒಂದ ಎರಡ?

"ಇವಂಗ ತಂದಿ ತಾಯಿ?"

"ಇಲ್ಲ."

"ಹೊಲ ಮನಿ?"

"ಇಲ್ಲ."

"ಕೆಲಸಾ?"

"ಇಲ್ಲ ದೊಡ್ಡವ್ವ."

"ಮತ್ತೇನೈತಿ ಇವಂಗ?"

"ಕಣ್ಣು ಭಾಳ ಚಂದ ಅದಾವ."

ಕೈಯಾನ ಮೊರ ನೆಲಕ್ಕ ಕುಕ್ಕಿದ್ಲು. ಹಸನ ಮಾಡಿದ್ದ ಜ್ವಾಳ ಪಡಸಾಲಿ ತುಂಬ ಆತು. "ಊಟಾ ಮಾಡಂಗಿಲ್ಲ, ಬಿಸಲಿಗೆ ಬರಂಗಿಲ್ಲ, ಬಳ್ಳೊಳ್ಳಿ ಕಂಡ್ರ ಓಡ್ತಾನ, ಕನ್ನಡ್ಯಾಗ ಕಾಣಂಗಿಲ್ಲ! ಇದರಾಗ ಒಂದಿದ್ರೂ ನಾ ಅಂಗಡಿ ಕಟ್ಟಿ ಹತ್ತಗೊಡಂಗಿಲ್ಲ. ಆ ಹುಡುಗಿ ಕಣ್ಣು ನೋಡ್ಕೋತ ಕುಂತಾಳ!"

ಒಂದು ದಿನ ಆ ಹುಡುಗನ ಮುಖ್ಯ ಕಟ್ಟಳಿ ಬಂತು. ಮನಿಯವರು ತಾವಾಗಿ ಬಾ ಅನ್ನೋತನಕ ಇಂಥವರು ಹೊಸ್ತಲಾ ದಾಟಾಕ ಬರಂಗಿಲ್ಲ. ಒಮ್ಮೆ ಬಾ ಅಂದ್ರ ಮುಗೀತು, ಮುಂದ ಯಾರೂ ತಡಿಯಾಕ ಆಗಂಗಿಲ್ಲ. ಇದನ್ನ ಕೇಳಿ ದೊಡ್ಡವ್ವ ಎದ್ದು ಹೋಗಿ ಬಾಗಲಾ ನೋಡಿ ಬಂದ್ಲು. ಅವತ್ತ ನಮ್ಮನ್ಯಾಗ "ಬರ್‍ರಿ" ಅನ್ನೋ ಮಾತು ಬಂದ್ ಆತು.

ನಮ್ಮ ಕಡೆ ಬರ್‍ರಿ ಅನ್ನಲಾರದ ಇರೂದು ಅಂದ್ರ ಏನು ಅಂತ ಗೊತ್ತೇನ್ರಿ? ಹಾದೀಲೆ ಹೋಗಾವರಿಗೂ ಬರ್‍ರಿ, ಜಗಳಾಡಾಕ ಬಂದವರಿಗೂ ಮೊದಲ ಬರ್‍ರಿ, ಆಮ್ಯಾಲ ಜಗಳ! ಅಂಥಾದ್ರಾಗ ಈಕಿ ಬಂದವರನ್ನ ನೋಡ್ಕೋತ ಬಾಗಲಾಗ ನಿಂದ್ರತಿದ್ಲು. ಖರೇ ಮನಿಶಾ ಇದ್ರ ತಾನ ಒಳಗ ಬರ್ತಾನ, ಬರಲಿಲ್ಲಂದ್ರ ಸಂಶಯ, ಇದು ಆಕಿ ಲೆಕ್ಕ. ಜೈನಾಪುರದ ಮಾಮಾ ಮರ್‍ಯಾದಿಸ್ತ. ಕರೀಲಾರದ ಹ್ಯಾಂಗ ಬರೂದು ಅಂತ ಏಪ್ರಿಲ್ ಬಿಸಲಾಗ ಒಡಹುಟ್ಟಿದ ಅಕ್ಕನ ಅಂಗಡಿ ಮುಂದ ನಿಂತ. ಈಕಿ ಕರೀಲಿಲ್ಲ, ಅಂವ ಬರಲಿಲ್ಲ. ನಾ ಕಾಲೇಜಿನಿಂದ ಬರೂದ್ರಾಗ ಮಾಮಾನ ಮಾರಿ ಸುಟ್ಟ ಬದನಿಕಾಯಿ ಆಗಿತ್ತು. ಅವತ್ತಿನಿಂದ ಅಂವ ನಮ್ಮನಿಗೆ ಬಂದ್ರ ನಿಂದ್ರೂದ ಇಲ್ಲ, ದೂರದಿಂದ ಓಡಿ ಬಂದು ಸೀದಾ ಅಡಗಿ ಮನಿಗೆ ನುಗ್ತಾನ.

ಪುಸ್ತಕದ ಕಡೀ ಅಧ್ಯಾಯ ಬಂತು. ಅದರಾಗ ಏನೈತಂದ್ರ, ಆ ಹುಡುಗಿ ತನ್ನ ಅಪ್ಪಗ ಹೇಳಲಾರದ, ಅವ್ವಗ ಹೇಳಲಾರದ, ಹುಡುಗನ ಕೈ ಹಿಡಕೊಂಡು ಹೊಂಟ ಹೋಗ್ತಾಳ. ತಾನೂ ಅಂವನಂಗ ಆಕ್ಕಾಳ. ಮತ್ತ ಎಂದೂ ಮನಿಗೆ ತಿರಗಿ ಬರಂಗಿಲ್ಲ. ಅದನ್ನ ಓದಿ ನಾ ಖುಷೀಲೆ ಮೂರು ಸಲ ಅತ್ತಿದ್ದೆ! ಆದ್ರ ದೊಡ್ಡವ್ವನ ಮುಂದ ಹೇಳೂದು ಹ್ಯಾಂಗ? ಪುಸ್ತಕ ಮಡಚಿ ಹೇಳಿಬಿಟ್ಟೆ, "ಆಕಿ ಅವನನ್ನ ಬಿಟ್ಟು, ಚಂದಾಗಿ ಓದಿ, ಪರೀಕ್ಷಾ ಬರದು, ಫಸ್ಟ್ ಕ್ಲಾಸಿನ್ಯಾಗ ಪಾಸಾದ್ಲು. ಮುಗೀತು."

ದೊಡ್ಡವ್ವ ನನ್ನ ನೋಡಿದ್ಲು. ಪುಸ್ತಕದಾಗ ಉಳಿದ ಹಾಳಿ ನೋಡಿದ್ಲು. "ಪಾಸಾಗೂದಕ್ಕ ಇಷ್ಟು ಪಾನ ಬೇಕೇನು?" ಅಂದ್ಲು.

ಮರುದಿನ ಪುಸ್ತಕ ಇಲ್ಲ! "ಬಚ್ಚಲದ ಒಲಿಗೆ ಹಾಕೀನಿ. ಪರೀಕ್ಷಾ ಬಂತು, ಓದಕೋ" ಅಂದ್ಲು. ನಾ ಹಾರ್‍ಯಾಡಿ ಅತ್ತೆ. ಎರಡು ಹೊತ್ತು ಊಟಾ ಬಿಟ್ಟೆ. ಮೂರನೇ ಹೊತ್ತಿಗೆ ತಾಟು ತಂದು ಮುಂದಿಟ್ಟು, "ಉಣ್ಣಲಾರದವರನ್ನ ಕಂಡ್ರ ನನಗ ಸಂಶಯ ಬರ್ತೈತಿ, ಕನ್ನಡಿ ತರಲೇನು?" ಅಂದ್ಲು. ಅಳಾಕತ್ತಾಕಿ ನಕ್ಕುಬಿಟ್ಟೆ. ಉಂಡೆ. ಆದ್ರ ಸಿಟ್ಟು ಮಾತ್ರ ಹೊಟ್ಯಾಗ ಉಳೀತು.

ಅದಾಗಿ ಕೆಲವು ತಿಂಗಳಿಗೆ ಆಕಿಗೆ ಇನ್ನೊಂದು ಹೊಸಾ ಚಟಾ ಹತ್ತಿತು. ನಾ ಹೊರಗ ಹೊಂಟ್ರ ಬಾಗಲಾಗ ಅಡ್ಡ ನಿಂತು, "ಹೇಳಿದೇನು?" ಅನ್ನೂದು. "ಹೋಗಿ ಬರ್ತೀನಿ ದೊಡ್ಡವ್ವ" ಅಂತ ಆಕಿ ಮಾರಿ ನೋಡಿ ಹೇಳಬೇಕು. ಚಪ್ಪಲ ಹಾಕ್ಕೋತ ಹೇಳಿದ್ದು ನಡಿಯಂಗಿಲ್ಲ, ಮೊಬೈಲ್ ನೋಡಕೋತ ಹೇಳಿದ್ದು ನಡಿಯಂಗಿಲ್ಲ. ನಾ ಬಿ.ಇಡಿ. ಮುಗಿಸಿ ಟಿಕೋಟಾದಾಗ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆದೆ. ಆದ್ರೂ ಇದು ಬಿಡಲಿಲ್ಲ. ಒಂದು ದಿನ ತಡಾ ಆಗೇತಂತ ಹಂಗ ಓಡಿ ಬಸ್ ಹತ್ತಿ ಕುಂತೆ. ಬಸ್ ಬಿಡಬೇಕು, ಅಷ್ಟರಾಗ ಏದುಸಿರು ಬಿಡಕೋತ ದೊಡ್ಡವ್ವ ಬಸ್ಸಿನೊಳಗ!

"ನೀ ಹೇಳಲಾರದ ಬಂದಿ" ಅಂದ್ಲು.

ಬಸ್ ತುಂಬ ನಮ್ಮ ಸಾಲಿ ಹುಡುಗೂರು, ಅವರ ಅವ್ವಂದಿರು, ನಮ್ಮ ಹೆಡ್ ಮಾಸ್ತರು! ಕಂಡಕ್ಟರ್ ಕೈ ಮುಗದು, "ಅದೇನೈತಿ ಹೇಳಿಬಿಡ್ರಿ ಟೀಚರ್, ನನಗ ಬಸ್ ಬಿಡಬೇಕು" ಅಂದ. ತಲಿ ತಗ್ಗಿಸಿ "ಹೋಗಿ ಬರ್ತೀನಿ" ಅಂದೆ. ಆಕಿ ಇಳದು ಹೋದ್ಲು. ಅವತ್ತಿಡೀ ದಿನ ಹುಡುಗೂರು ನನ್ನ ಕ್ಲಾಸಿನಿಂದ ನೀರು ಕುಡಿಯಾಕ ಹೋಗೂಮುಂದೂ "ಹೋಗಿ ಬರ್ತೀವ್ರಿ ಟೀಚರ್" ಅಂತ ಕಿಸಿಕಿಸಿ ನಕ್ಕು ಹೋದ್ವು. ನನಗ ಎಂಥಾ ಸಂಕಟ! ಗುಮ್ಮಟದಾಗ ಆಡಿದ ಒಂದು ಮಾತಿಗೆ ಜನ್ಮಪೂರ್ತಿ ನನ್ನ ಮ್ಯಾಲ ಸಂಶಯನ? ನಾ ಏನು ಓಡಿ ಹೋಗಾಕಿ ಅಂತ ತಿಳಕೊಂಡಾಳ? ಹಂಗಂತ ಭಾಳ ವರ್ಷ ಒಳಗೊಳಗ ಕುದ್ದೀನಿ.

ಇನ್ನ ಖರೇ ಸುದ್ದಿಗೆ ಬರ್ತೀನಿ. ಎರಡು ವರ್ಷದ ಹಿಂದ ನಮ್ಮ ಸಾಲ್ಯಾಗ ರಕ್ತದಾನ ಶಿಬಿರ ಇತ್ತು. ಸೂಜಿ ಕಂಡು ನಾ ಕಣ್ಣ ಮುಚ್ಚಿದೆ. "ಹೆದರಬ್ಯಾಡ್ರಿ ಟೀಚರ್, ಆತು ನೋಡ್ರಿ" ಅಂತ ಯಾರೋ ಅಂದ್ರು. ಕಣ್ಣ ತೆಗದು ನೋಡಿದೆ. ಆತು ನೋಡ್ರಿ ಅಂದದ್ದು ರಕ್ತದ ಸುದ್ದಿ, ಆದ್ರ ನಂದೂ ಎಲ್ಲಾ ಅಲ್ಲೇ ಆಗಿ ಹೋತು!

ಬಬಲೇಶ್ವರದ ಹುಡುಗ. ವಿಜಯಪುರದಾಗ ಒಂದು ಬ್ಲಡ್ ಬ್ಯಾಂಕಿನ್ಯಾಗ ಟೆಕ್ನಿಷಿಯನ್. ಇಂಥಾ ಶಿಬಿರದ ದಿನ ಬಿಟ್ರ ಬರೇ ನೈಟ್ ಡ್ಯೂಟಿ. ಬಿಸಲ ಕಾಣಲಾರದ ಮಾರಿ ಹಾಲಿನಂಗ ಬೆಳ್ಳಗ ಆಗೇತಿ. ಎದಿ ಉರಿ ಬರ್ತೈತಂತ ಬಳ್ಳೊಳ್ಳಿ ಮುಟ್ಟಂಗಿಲ್ಲ! ಎರಡು ವರ್ಷ ಭೆಟ್ಟಿ ಆದಿವಿ, ಮಾತಾಡಿದಿವಿ, ಮದುವಿ ಆಗಬೇಕಂತ ಗಟ್ಟಿ ಮಾಡಿದಿವಿ. ಆದ್ರ ದೊಡ್ಡವ್ವಗ ಹೇಳೋರು ಯಾರು? ಕಳ್ಳಕವಟಗ್ಯಾಗ ನಮ್ಮಪ್ಪ ಅವ್ವಂದು ಒಂದ ಮಾತು, "ನೀ ದೊಡ್ಡವ್ವನ ಕೂಸು. ಆಕಿ ಹ್ಞೂಂ ಅಂದ್ರ ನಮ್ಮದೂ ಹ್ಞೂಂ." ಅಂದ್ರ ಆಕಿ ಬ್ಯಾಡ ಅಂದ್ರ ಬ್ಯಾಡ. ಅದಕ್ಕ ಹೆದರಿ ನಾ ಒಂದು ಉಪಾಯ ಮಾಡಿದೆ. ಜೈನಾಪುರದ ಮಾಮಾನ ಕೈಕಾಲು ಹಿಡದು, ಈ ಸಂಬಂಧ ಅಂವನ ತಂದಾನ ಅನ್ನೋಹಂಗ ಸುದ್ದಿ ಮುಟ್ಟಿಸಿದೆ.

ಮಾಮಾ ಅಡಗಿ ಮನಿಗೆ ನುಗ್ಗಿ ಸುದ್ದಿ ತಗದ.

"ಹುಡುಗ ಏನು ಮಾಡ್ತಾನ?" ದೊಡ್ಡವ್ವ ಕೇಳಿದ್ಲು.

"ರಕ್ತ ತಗೀತಾನ" ಅಂದ ಮಾಮಾ.

ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು, ಯಾರೂ ನೋಡಲಿಲ್ಲ.

"ಯಾವಾಗ ತಗೀತಾನ?"

"ರಾತ್ರಿ ಅಷ್ಟ."

"ಹಗಲ?"

"ಹಗಲ ಬಾಗಲಾ ಕಿಡಕಿ ಹಾಕ್ಕೊಂಡು ಮಲಗ್ತಾನ."

ಮಾಮಾನ ಬಾಯಿಗೆ ಬಟ್ಟಿ ತುರಕಬೇಕು ಅನಿಸ್ತು ನನಗ. ದೊಡ್ಡವ್ವ ಒಂದ ಒಂದು ಮಾತು ಅಂದ್ಲು, "ಬರೂ ಐತವಾರ ಬರಹೇಳು. ಮಟಮಟ ಮಧ್ಯಾಹ್ನಾನ ಬರಬೇಕು. ಶೇಂಗಾ ಹಿಂಡಿ ಕುಟ್ಟಿ ಇಡ್ತೀನಿ. ಬಳ್ಳೊಳ್ಳಿ ಜಾಸ್ತಿ ಹಾಕಿ."

ಐತವಾರಕ್ಕಿಂತ ಮೊದಲಿನ ಶನಿವಾರ, ಉಡಾಕ ಒಂದು ಇಳಕಲ್ ಸೀರಿ ಹುಡಕಬೇಕಂತ ದೊಡ್ಡವ್ವನ ಟ್ರಂಕು ತಗದೆ. ಆಕಿ ಅಂಗಡ್ಯಾಗ ಇದ್ಲು. ಸೀರಿ ತಳದಾಗ ದೇವರ ಚಿತ್ರದ ಕ್ಯಾಲೆಂಡರ್ ಹಾಳಿ ಕಂಡಿತು. ನನ್ನ ಪುಸ್ತಕ! ಒಲಿಗೆ ಹಾಕಿದ್ದಿಲ್ಲ! ಹಳೇ ಗೆಣೆಕಾರ ಎದುರಿಗೆ ಬಂದು ನಿಂತಂಗ ಆತು. ಸೀರಿ ಅಲ್ಲೇ ಬಿಟ್ಟು ನೆಲದ ಮ್ಯಾಲ ಕೂತು ಓದಾಕ ಸುರು ಮಾಡಿದೆ.

ಏನು ಹೇಳ್ಲಿ! ಹದಿನಾರು ವರ್ಷದಾಗ ಯಾವ ಪಾನದ ಮ್ಯಾಲ ನಾ ಹೃದಯ ತಗದಿದ್ನೋ, ಅದ ಪಾನ ಓದಿ ಮೂವತ್ತೆರಡಕ್ಕ ಮೈ ಉರೀತು. ಈ ಹುಡುಗ ಆಕಿ ಹೋದಲ್ಲೆಲ್ಲಾ ಹಿಂಬಾಲ ಬೀಳ್ತಾನ. ನಮ್ಮ ಸಾಲಿ ಗೇಟಿನ ಮುಂದ ಹಿಂಗ ಯಾವನಾದ್ರೂ ನಿಂತ್ರ ಹೆಡ್ ಮಾಸ್ತರು ಪೊಲೀಸರಿಗೆ ಫೋನ್ ಮಾಡ್ತಾರ! ಆಕಿ ಗೆಳತೀರ ಜೋಡಿ ಮಾತಾಡಿದ್ರ ಇವಂಗ ಸಿಟ್ಟು. ಮಾತೆತ್ತಿದ್ರ ಆಕಿ ಕುತ್ತಿಗಿ ವಾಸನಿ ಸುದ್ದಿ. ಒಂದು ದಿನಾ ಆಕಿಗೆ "ಉಂಡೇನು?" ಅಂತ ಕೇಳ್ಯಾನ? ಇಲ್ಲ! ಪಾನ ತಿರುವಿದಂಗ ನಾನೂ ಮೊರ ಕುಕ್ಕೋಹಂಗ ಆತು. ದೊಡ್ಡವ್ವ ಆವಾಗ ಆಡಿದ ಒಂದೊಂದು ಮಾತೂ ಖರೇ ಆಗಿ ನನ್ನ ಮುಂದ ನಿಂತ್ವು. ಅಷ್ಟ ಆಗಿದ್ರ ಚಲೋ ಇತ್ತು. ನನ್ನ ಹುಡುಗನ ಮ್ಯಾಲೂ ಒಂದು ಕ್ಷಣ ಸಂಶಯ ಬಂತು ಅನ್ರಿ! ಎದಿ ಉರಿ ಅಂತ ಬಳ್ಳೊಳ್ಳಿ ಬಿಟ್ಟಾನ, ಖರೇನ ಎದಿ ಉರೀನ?

ಕಡೀ ಅಧ್ಯಾಯಕ್ಕ ಬಂದೆ. ಅಲ್ಲಿ ನನ್ನ ಕೆಂಪು ಪೆನ್ನು ಇದ್ದಿಲ್ಲ. ಪೆನ್ಸಿಲ್ ಇತ್ತು.

ಒಂದೊಂದು ಇಂಗ್ಲಿಷ್ ಶಬ್ದದ ಮ್ಯಾಲೂ ಸೊಟ್ಟ ಸೊಟ್ಟ ಅಕ್ಷರದಾಗ ಕನ್ನಡದ ಅರ್ಥ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನ್ಯಾಗ ಎರಡು ಸಲ ಫೇಲಾದಾಕಿ ನಮ್ಮ ದೊಡ್ಡವ್ವ! ನನ್ನ ಹಳೇ ಡಿಕ್ಷನರಿ ಕಳದು ಹೋತು ಅಂತ ನಾ ಓಣಿ ತುಂಬ ಹುಡಕಿದ್ದು ಆವಾಗ ನೆನಪಾತು. ಒಂದು ಪಾನಕ್ಕ ಎಷ್ಟು ದಿನಾ ತಗೊಂಡಾಳೋ, ಎಷ್ಟು ಮಧ್ಯಾಹ್ನ ಅಂಗಡ್ಯಾಗ ಗಿರಾಕಿ ಇಲ್ಲದಾಗ ಬೆರಳು ಇಟ್ಟು ಇಟ್ಟು ಓದ್ಯಾಳೋ. ನಾ ಹೇಳಿದ ಸುಳ್ಳು ಒಂದೊಂದ ಶಬ್ದಾ ಆಗಿ ಆಕಿಗೆ ಗೊತ್ತಾಗಿತ್ತು. ಗೊತ್ತಾಗಿ ಒಂದು ಮಾತೂ ಅಂದಿದ್ದಿಲ್ಲ.

ಕಡೀ ಪಾನದ ತಳದಾಗ ಒಂದು ಸಾಲು ಬರದಿದ್ಲು. "ಹೋಗುವಾಗ ಮನೆಯಲ್ಲಿ ಒಬ್ಬರಿಗಾದರೂ ಹೇಳಬೇಕಿತ್ತು. ಅವಳ ತಾಯಿ ಬಾಗಿಲಲ್ಲಿ ಎಷ್ಟು ದಿನ ಕಾದಳೋ."

ಪುಸ್ತಕ ಮಡಚಿ ಇದ್ದಲ್ಲೇ ಇಟ್ಟೆ. ಬಸ್ಸಿನ್ಯಾಗ ಏದುಸಿರು ಬಿಡಕೋತ ನಿಂತಿದ್ದ ಆಕಿ ಮಾರಿ ಕಣ್ಣ ಮುಂದ ಬಂತು. ನಾ ಹೊಟ್ಯಾಗ ಸಿಟ್ಟು ಇಟ್ಟುಕೊಂಡ ಅಷ್ಟೂ ವರ್ಷ ಆಕಿ ಅಂಜಿಕಿ ಇಟ್ಟುಕೊಂಡು ಬಾಗಲಾಗ ನಿಂತಿದ್ಲು.

ಐತವಾರ ಬಂತು. ಮಟಮಟ ಮಧ್ಯಾಹ್ನ, ಸುಡು ಬಿಸಲು. ಮಾಮಾ ಓಡಿ ಬಂದು ಸೀದಾ ಅಡಗಿ ಮನ್ಯಾಗ ನುಗ್ಗಿ ಚಾ ಕಪ್ ಹಿಡಕೊಂಡು ಕುಂತ. ಹುಡುಗ ಹಿಂದಿಂದ ಬಂದ. ರಾತ್ರಿ ಡ್ಯೂಟಿ ಮುಗಿಸಿ ಬಂದಾವ, ನಿದ್ದಿಗೆಟ್ಟು ಕಣ್ಣು ಕೆಂಪಗ, ಮಾರ್‍ಯಾಗ ಒಂದ ಹನಿ ರಕ್ತ ಇಲ್ಲ! ತಲಿ ಮ್ಯಾಲ ಬಿಸಲಿನ ಟೊಪ್ಪಿಗಿ. ದೊಡ್ಡವ್ವ ಬಾಗಲಾಗ ನಿಂತು ನೋಡಾಕತ್ತಿದ್ಲು. ಅಂವ ಹೊಸ್ತಲದ ಆಚೆ ನಿಂತು ಕೈ ಮುಗದ. ನಿಂತ. ನಿಂತೇ ನಿಂತ!

ತಪ್ಪು ನಂದ. "ನಮ್ಮ ದೊಡ್ಡವ್ವ ಭಾಳ ಖಡಕ್, ಮರ್‍ಯಾದಿಲೆ ಇರ್‍ರಿ, ಅವರು ಹೇಳೋತನಕ ಏನೂ ಮಾಡಬ್ಯಾಡ್ರಿ" ಅಂತ ಬಾಯಿಪಾಠ ಮಾಡಿಸಿದ್ದೆ. ಈ ಬಾಗಲದ ಕಟ್ಟಳಿ ಒಂದು ಹೇಳಾಕ ಮರತಿದ್ದೆ.

"ಯಾಕ ಯಪ್ಪಾ, ಅಲ್ಲೇ ನಿಂತಿ?" ದೊಡ್ಡವ್ವ ಕೇಳಿದ್ಲು.

"ನೀವು ಬಾ ಅಂದ್ರ ಬರ್ತೀನ್ರಿ" ಅಂದ ಅಂವ.

ಮುಗೀತು! ಅಡಗಿ ಮನ್ಯಾಗ ಮಾಮಾನ ಚಾ ನೆತ್ತಿಗೆ ಹತ್ತಿದ್ದು ಕೇಳಿಸ್ತು.

ದೊಡ್ಡವ್ವ ಅವನನ್ನ ಬಿಟ್ಟು ತಿರುಗಿ ನನ್ನ ನೋಡಿದ್ಲು. ನಾ ಇಷ್ಟು ವರ್ಷ ಸಂಶಯ ಅಂತ ತಿಳಕೊಂಡಿದ್ದ ಅದ ನೋಟ. ನನಗ ತಡಕೊಳ್ಳಾಕ ಆಗಲಿಲ್ಲ.

"ದೊಡ್ಡವ್ವ, ಆ ಪುಸ್ತಕದ ಕಡೀದು ನಾ ಸುಳ್ಳ ಹೇಳಿದ್ದೆ. ಆಕಿ ಪಾಸಾಗಲಿಲ್ಲ. ಮನ್ಯಾಗ ಯಾರಿಗೂ ಹೇಳಲಾರದ ಹೋದ್ಲು."

"ಗೊತ್ತೈತಿ."

"ಈಗೂ ಸುಳ್ಳ ಹೇಳೀನಿ. ಈ ಸಂಬಂಧ ಮಾಮಾ ತಂದದ್ದಲ್ಲ. ಎರಡು ವರ್ಷದಿಂದ ಇವರು ನನಗ ಗೊತ್ತು. ಇವರ ಜೋಡಿನ ನಾ ಮದುವಿ ಆಗಬೇಕು ಅಂತ ಮಾಡೀನಿ."

"ಅದೂ ಗೊತ್ತೈತಿ."

"ಹ್ಯಾಂಗ?"

"ಹ್ಯಾಂಗಂದ್ರ? ಊರಾಗಿನ ಮಂದಿ ನಮ್ಮ ಅಂಗಡ್ಯಾಗ ಟೊಪ್ಪಿಗಿ ತಗೋತಾರೇನು? ಇಂವ ಎರಡು ವರ್ಷದಾಗ ನಾಕು ಟೊಪ್ಪಿಗಿ ತಗೊಂಡಾನ. ನಾಕೂ ಸಲ ಕನ್ನಡಿ ನೋಡಲಿಲ್ಲ, ಒಳಗ ನಿನ್ನ ಕಡೆ ನೋಡಿದ. ಹಗಲ ಮಲಗಾವಂಗ ನಾಕು ಟೊಪ್ಪಿಗಿ ಯಾಕ ಬೇಕು?"

ಹುಡುಗ ತಲಿ ಮ್ಯಾಲಿನ ಟೊಪ್ಪಿಗಿ ಮೆಲ್ಲಕ ತಗದು ಹಿಂದ ಮುಚ್ಚಿಟ್ಟುಕೊಂಡ.

"ಎಲ್ಲಾ ಗೊತ್ತಿದ್ದು ಮತ್ತ ಯಾಕ ಸುಮ್ಮನಿದ್ದಿ ದೊಡ್ಡವ್ವ?"

"ನೀ ಹೇಳ್ತೀಯೇನೋ ಅಂತ" ಅಂದ್ಲು. "ದಿನಾ ಬಾಗಲಾಗ ನಿಂತು ಹೇಳಿದೇನು, ಹೇಳಿದೇನು ಅಂತ ಕೇಳಲಿಲ್ಲೇನು ಬೇ ನಾ? ಎರಡು ವರ್ಷ ಕಾದೀನಿ."

ನಾ ಆಕಿ ಎರಡೂ ಕೈ ಹಿಡಕೊಂಡು, ಆಕಿ ಮಾರಿ ನೋಡಿ, ಜನ್ಮದಾಗ ಮೊದಲನೇ ಸಲ ಆಕಿ ಕೇಳಲಾರದ ಹೇಳಿದೆ, "ಹೋಗಿ ಬರ್ತೀನಿ ದೊಡ್ಡವ್ವ. ಎಲ್ಲಿಗೆ ಹೋದ್ರೂ ನಿನಗ ಹೇಳೇ ಹೋಗ್ತೀನಿ, ಮತ್ತ ಬರ್ತೀನಿ."

ಆಕಿ ಕೈ ಬಿಡಿಸಿಕೊಂಡು ಹೊಸ್ತಲದ ಹಂತ್ಯಾಕ ಹೋದ್ಲು. ಹದಿನಾರು ವರ್ಷ ಆ ಬಾಗಲಾಗ ಯಾರೂ ಕೇಳಲಾರದ ಮಾತು ಕೇಳಿಸ್ತು.

"ಬಾ ಯಪ್ಪಾ. ಒಳಗ ಬಾ. ಬಿಸಲಾಗ ಎಷ್ಟೊತ್ತು ನಿಂದ್ರತಿ?"

ಅಂವ ಬಲಗಾಲಿಟ್ಟು ಒಳಗ ಬಂದ. ಅಂಗಡಿ ದಾಟೂಮುಂದ ನಾ ಸುಮ್ಮ್ನ ಕನ್ನಡ್ಯಾಗ ನೋಡಿದೆ, ಚಟಾ ನನಗೂ ಹತ್ತೇತೇನೋ. ಅಂವ ಕಂಡ. ಅವನ ಬಾಜೂಕ ನಾ ಕಂಡೆ. ದೊಡ್ಡವ್ವ ಮಾತ್ರ ಕಾಣಲಿಲ್ಲ.

ಹೊಳ್ಳಿ ನೋಡಿದೆ. ಕನ್ನಡಿಯಿಂದ ದೂರ, ಟೊಪ್ಪಿಗಿ ಕಟ್ಟಿದ ಹಗ್ಗದ ಹಿಂದ, ಗ್ವಾಡಿಗೆ ಮಾರಿ ಮಾಡಿ ನಿಂತು ಆಕಿ ಸೆರಗಿಲೆ ಕಣ್ಣ ಒರಸಿಕೊಳ್ಳಾಕತ್ತಿದ್ಲು.